ಒಂದೇ ಬೆಲ್ಟು, ಎರಡು ಪುಟ

(ಧಾರಾವಾಹಿ: ಏಳನೆಯ ಕಂತು)

“ಮುನ್ನೂರ ಎಂಬತ್ತೇ ಸಾರ್,” ಎಂದ ಪೇದೆ. “ಮೂರು ಸಲ ಎಣಿಸಿದೆ. ಇನ್ನೊಂದ್ಸಲ ಎಣಿಸು ಅಂದ್ರೆ ಎಣಿಸ್ತೀನಿ, ಆದ್ರೆ ತಗಡು ಮರಿ ಹಾಕಲ್ಲ.”

ಮೇಜಿನ ಮೇಲೆ ಹೆಬ್ಬೆರಳಗಲದ ತಗಡಿನ ಬಿಲ್ಲೆಗಳು ಹತ್ತುಹತ್ತರ ಗುಡ್ಡೆಗಳಾಗಿ ನಿಂತಿದ್ದವು. ಪೇದೆಯ ಬೆರಳ ತುದಿಗಳು ಕಪ್ಪಾಗಿದ್ದವು. ಒಂದು ರಾಶಿ ಬೆಲ್ಟುಗಳಿಗೆ ಕಟ್ಟಲೆಂದೇ ತೆರೆದ ಐನೂರರ ಹೊಸ ಡಬ್ಬಿ, ಉಳಿದದ್ದು ಮುನ್ನೂರ ಎಂಬತ್ತು. ಹಾಗಾದರೆ ಬಳಸಿದ್ದು ನೂರಿಪ್ಪತ್ತು. ಇನ್ಸ್‌ಪೆಕ್ಟರಿಗೆ ಇಷ್ಟು ಕಳೆಯುವ ಲೆಕ್ಕ ಬರುತ್ತಿತ್ತು. ಅವರನ್ನು ಕಾಡುತ್ತಿದ್ದದ್ದು ಪಕ್ಕದಲ್ಲಿ ಬಿಚ್ಚಿಟ್ಟಿದ್ದ ರಿಜಿಸ್ಟರು. ಅದರ ಪ್ರಕಾರ ಪರೀಕ್ಷೆಯಾದ ಬೆಲ್ಟುಗಳು ನೂರ ಮೂವತ್ತು.

ಒಂಬತ್ತು ದಿನದ ಹಿಂದೆ ಐದನೇ ಮಹಡಿಯ ಹೊರಗೋಡೆಗೆ ಬಣ್ಣ ಬಳಿಯುತ್ತಿದ್ದ ಪೇಂಟರನೊಬ್ಬ ಬಿದ್ದು ಸತ್ತಿದ್ದ. ಅವನ ಸೊಂಟದಲ್ಲಿ ತುಂಡಾದದ್ದು ಈ ಕಾರ್ಖಾನೆಯ ಮುನ್ನೂರ ಹನ್ನೆರಡನೇ ನಂಬರಿನ ಸುರಕ್ಷಾ ಬೆಲ್ಟು, ಅದನ್ನು ‘ಪಾಸು’ ಮಾಡಿ ಸಹಿ ಹಾಕಿದವಳು ಪರೀಕ್ಷೆಯ ಮೇಜಿನ ಮೂಟೆಯಕ್ಕ. ಸಂಜೆ ಐದಕ್ಕೆ ಅವಳನ್ನು ಬಂಧಿಸಬೇಕು. ಕಾಗದವನ್ನು ಇನ್ಸ್‌ಪೆಕ್ಟರು ಬೆಳಿಗ್ಗೆಯೇ ಬರೆದು, ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದರು. ಕುಂತರೂ ನಿಂತರೂ ಅದು ಎದೆಗೆ ಚುಚ್ಚುತ್ತಿತ್ತು.

ಗೋಡೆಯ ಗಡಿಯಾರದಲ್ಲಿ ಎರಡೂವರೆ.

“ಹತ್ತು ತಗಡಿಗೆ ಇಷ್ಟೊಂದು ತಲೆ ಕೆಡಿಸ್ಕೋಬೇಡಿ ಸಾರ್,” ಎಂದ ಮೇಲ್ವಿಚಾರಕ.

ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಕಾರ್ಖಾನೆಯಲ್ಲಿ ಅವನನ್ನು ಹಿಂದಿನಿಂದ ‘ಡಿಗ್ರಿ’ ಎಂದು ಕರೆಯುತ್ತಿದ್ದರು. ತಾನು ಓದಿದವನೆಂಬುದನ್ನು ಅವನು ದಿನಕ್ಕೆ ಎರಡು ಸಲವಾದರೂ ಯಾರಿಗಾದರೂ ನೆನಪಿಸದೆ ಇರುತ್ತಿರಲಿಲ್ಲ. ಬೇರೆಯವರೆಲ್ಲ ಬೇಗ ಮರೆಯುವ ಜನ ಎಂದು ಅವನ ನಂಬಿಕೆ.

ತಗಡು ಕಟ್ಟಲು ಮರೆತಿರುತ್ತಾರೆ, ಅಷ್ಟೇ, ಎಂದು ಅವನು ವಿವರಿಸಿದ. ಪರೀಕ್ಷೆಯ ಮೇಜಿನಲ್ಲಿರುವವರು ಸಹಿ ಹಾಕಲು ಕಲಿತಿರುವುದೇ ದೊಡ್ಡದು. ಅವರ ಕೈಯಲ್ಲಿ ಹತ್ತು ತಗಡು ಹೆಚ್ಚುಕಮ್ಮಿ ಆದರೆ ಆಶ್ಚರ್ಯಪಡುವಂಥದ್ದೇನಿದೆ?

ಇನ್ಸ್‌ಪೆಕ್ಟರು ರಿಜಿಸ್ಟರನ್ನು ಹತ್ತಿರಕ್ಕೆ ಎಳೆದುಕೊಂಡರು. ಈ ಕಾರ್ಖಾನೆಯ ಕ್ರಮವನ್ನು ಅವರು ಒಂಬತ್ತು ದಿನಗಳಲ್ಲಿ ಬಾಯಿಪಾಠ ಮಾಡಿಕೊಂಡಿದ್ದರು. ಒಂದು ಲಾಟಿಗೆ, ಅಂದರೆ ಒಟ್ಟಿಗೆ ತಯಾರಾದ ಒಂದು ರಾಶಿಗೆ, ನಾನೂರ ಎಂಬತ್ತು ಬೆಲ್ಟು. ಪ್ರತಿ ಆರನೆಯದಕ್ಕೆ ಮರಳಿನ ಮೂಟೆ ಕಟ್ಟಿ ಕೊಕ್ಕೆಗೆ ನೇತುಹಾಕಿ ಹೊಲಿಗೆ ಬಿಡುತ್ತದೆಯೋ ಇಲ್ಲವೋ ನೋಡುವುದು ಮೂಟೆಯಕ್ಕನ ಕೆಲಸ. ಪ್ರತಿ ಎಂಟನೆಯದರ ಬಕಲನ್ನು ಹಾಕಿ, ತೆಗೆದು, ಜಗ್ಗಿ ನೋಡುವುದು ಬಕಲಣ್ಣನ ಕೆಲಸ. ಮೇಜಿಗೆ ಬಂದ ಬೆಲ್ಟಿಗೆ ಒಂದು ತಗಡು. ಪರೀಕ್ಷೆ ಒಂದಿರಲಿ ಎರಡಿರಲಿ, ಪಾಸಾಗಲಿ ಫೇಲಾಗಲಿ, ತಗಡು ಮಾತ್ರ ಒಂದೇ.

ರಿಜಿಸ್ಟರಿನಲ್ಲಿ ಮೂರು ಭಾಗ. ಮೂಟೆ ಮಾತ್ರ ಕಂಡ ಬೆಲ್ಟುಗಳು ಒಂದು ಕಡೆ, ಬಕಲ್ ಮಾತ್ರ ನೋಡಿದವು ಇನ್ನೊಂದು ಕಡೆ. ಎರಡೂ ಆದವಕ್ಕೆ ಬೇರೆಯೇ ಪುಟ. ಅದನ್ನು ಕೆಲಸಗಾರರು ಜೋಡಿಪುಟ ಎನ್ನುತ್ತಿದ್ದರು, ಅಲ್ಲಿ ಒಂದೇ ಸಾಲಿನಲ್ಲಿ ಇಬ್ಬರ ಸಹಿ ಬೀಳಬೇಕು. ಈ ಲಾಟಿಗೆ ಮೂಟೆಯದು ಎಪ್ಪತ್ತು ಸಾಲು, ಬಕಲಿನದು ಐವತ್ತು, ಜೋಡಿಪುಟದಲ್ಲಿ ಹತ್ತು. ಒಟ್ಟು ನೂರ ಮೂವತ್ತು. ಒಂದು ಚಿತ್ತಿಲ್ಲ, ಕಾಟಿಲ್ಲ. ಮರಳು, ಎಣ್ಣೆ, ಬೆವರಿನ ನಡುವೆ ಇಟ್ಟ ಪುಸ್ತಕ ಮದುಮಗನ ಪಂಚೆಯ ಹಾಗೆ ಬೆಳ್ಳಗಿತ್ತು.

“ಎರಡೂ ಪರೀಕ್ಷೆ ಒಂದೇ ಬೆಲ್ಟಿಗೆ ಬರೋದು ಯಾವಾಗ?” ಎಂದು ಇನ್ಸ್‌ಪೆಕ್ಟರು ಗಡಿಯಾರ ನೋಡುತ್ತ ಕೇಳಿದರು, ಬಸ್ಸು ಎಷ್ಟೊತ್ತಿಗೆ ಎಂದು ಕೇಳುವವರ ಹಾಗೆ.

“ಆರೆಂಟ್ಲ ನಲವತ್ತೆಂಟು,” ಎಂದ ಡಿಗ್ರಿ ಥಟ್ಟನೆ. “ನಲವತ್ತೆಂಟಕ್ಕೊಂದು ಬರುತ್ತೆ. ನಾನೂರ ಎಂಬತ್ತರಲ್ಲಿ ಹತ್ತು. ಚಿಕ್ಕ ಮಕ್ಕಳ ಲೆಕ್ಕ ಸಾರ್.”

ಚಿಕ್ಕ ಮಕ್ಕಳ ಲೆಕ್ಕ ಎಂದೊಡನೆ ಇನ್ಸ್‌ಪೆಕ್ಟರ ಎಡಗಿವಿ ಬಿಸಿಯಾಯಿತು. ಅವರ ಅಕ್ಕ ಗಣಿತದ ಮೇಷ್ಟರು. ಮೇಷ್ಟರಾಗುವ ಮೊದಲೇ, ಎರಡು ಜಡೆಯ ಕಾಲದಲ್ಲೇ, ತಮ್ಮನ ಕಿವಿಯನ್ನು ಹಿಂಡಿ ಹಿಂಡಿ ಕೈ ಪಳಗಿಸಿಕೊಂಡಿದ್ದಳು. ಆ ಕಿವಿ ಇವತ್ತಿಗೂ ಬಲಗಿವಿಗಿಂತ ಒಂದು ಎಳೆ ಉದ್ದ ಎಂದು ಅವರ ಹೆಂಡತಿಯ ಅಭಿಪ್ರಾಯ.

ಅವರು ವರಾಂಡಕ್ಕೆ ಬಂದು ಬೆರಳ ಗೆಣ್ಣುಗಳ ಮೇಲೆ ಎಣಿಸತೊಡಗಿದರು. ಒಂದು ಬೆರಳಿಗೆ ಮೂರು ಗೆಣ್ಣು, ಹೆಬ್ಬೆರಳು ಬಿಟ್ಟರೆ ಒಂದು ಕೈಗೆ ಹನ್ನೆರಡು. ಆರು, ಹನ್ನೆರಡು ಎಂದು ಎಡಗೈ ಮುಗಿಯಿತು. ಹದಿನೆಂಟು, ಇಪ್ಪತ್ತನಾಲ್ಕು ಎಂದು ಬಲಗೈಯೂ ಮುಗಿಯಿತು. ಮತ್ತೆ ಮೊದಲಿಂದ ಎಂಟು, ಹದಿನಾರು.

ಮುಂದಿನದು ಬಲಗೈಯ ಕಿರುಬೆರಳಿನ ಕೊನೆಯ ಗೆಣ್ಣು. ಅಲ್ಲಿ ಆಗಲೇ ಆರರ ಎಣಿಕೆ ಬಂದು ಕೂತಿತ್ತು.

ಅವರು ಆ ಗೆಣ್ಣನ್ನು ಸ್ವಲ್ಪ ಹೊತ್ತು ನೋಡಿದರು. ಡಿಗ್ರಿ ಇದ್ದವನಿಗೆ ನಲವತ್ತೆಂಟು, ತಮ್ಮ ಕೈಗೆ ಇಪ್ಪತ್ತನಾಲ್ಕು. ಇಂಥ ಜಗಳದಲ್ಲಿ ತಮ್ಮ ಪಕ್ಷ ಹಿಡಿದುಕೊಂಡು ಅವರು ಹಿಂದೆಂದೂ ಗೆದ್ದದ್ದಿಲ್ಲ. ಅಕ್ಕನಿಗೆ ಫೋನು ಹಚ್ಚಿದರು.

ಸ್ಟಾಫ್‌ರೂಮಿನ ಗಲಾಟೆಯ ನಡುವೆ ಅಕ್ಕ ಪೂರ್ತಿ ಕೇಳಿಸಿಕೊಂಡಳು. ನಡುವೆ ಎರಡು ಸಲ ನಿಟ್ಟುಸಿರು ಬಿಟ್ಟಳು. ಗುಣಿಸಬಾರದು, ಇಬ್ಬರೂ ಮೊದಲು ಎಲ್ಲಿ ಸೇರುತ್ತಾರೋ ಅದನ್ನು ನೋಡಬೇಕು, ನಿನ್ನ ಗೆಣ್ಣು ಸರಿಯಾಗಿಯೇ ಹೇಳಿದೆ, ನಾನೂರ ಎಂಬತ್ತರಲ್ಲಿ ಅಂಥವು ಇಪ್ಪತ್ತು ಬರುತ್ತವೆ ಎಂದಳು.

“ಸರಿ, ಆಮೇಲೆ ಒಟ್ಟು ಎಷ್ಟು ಅಂತ ಹೇಗೆ ಹೇಳೋದು?”

“ಮದುವೆ ಮನೆ ಅಂದ್ಕೋ. ಗಂಡಿನ ಕಡೆ ನೆಂಟರು ಎಂಬತ್ತು ಜನ, ಹೆಣ್ಣಿನ ಕಡೆ ಅರವತ್ತು. ಅದರಲ್ಲಿ ಇಪ್ಪತ್ತು ಜನ ಎರಡೂ ಕಡೆಗೂ ಬೇಕಾದವರು. ಕುರ್ಚಿ ಎಷ್ಟು ಹಾಕಿಸ್ತೀಯ?”

“ನೂರ ನಲವತ್ತು.”

“ಇಪ್ಪತ್ತು ಕುರ್ಚಿ ಖಾಲಿ ಬಿತ್ತು. ಎರಡು ಪಟ್ಟಿಯಲ್ಲೂ ಹೆಸರಿದ್ದವರು ಎರಡು ಕುರ್ಚಿ ಮೇಲೆ ಕೂರ್ತಾರೇನೋ?”

“ಹಾಗಾದ್ರೆ ನೂರಿಪ್ಪತ್ತು.”

“ಅಬ್ಬ. ನಲವತ್ತು ವರ್ಷಕ್ಕಾದ್ರೂ ಬಂತು.”

“ಅಕ್ಕ, ಇಲ್ಲೊಬ್ಬ ನೂರ ಮೂವತ್ತು ಹಾಕಿದ್ದಾನೆ.”

ತಪ್ಪು ಲೆಕ್ಕ ಕಂಡಾಗ ಅಕ್ಕನ ದನಿ ಮೆತ್ತಗಾಗುತ್ತಿತ್ತು. ಅವಳ ವಿದ್ಯಾರ್ಥಿಗಳು ಅತಿ ಹೆಚ್ಚು ಹೆದರುತ್ತಿದ್ದದ್ದು ಆ ಮೆತ್ತಗಿನ ದನಿಗೆ.

“ಎರಡೂ ಕಡೆಯವರು ಹತ್ತೇ ಜನ ಅಂದ್ಕೊಂಡಿದ್ದಾನೆ. ಮಿಕ್ಕ ಹತ್ತು ಜನ ಅವನ ಪುಸ್ತಕದಲ್ಲಿ ಎರಡೆರಡು ಕುರ್ಚಿ ಮೇಲೆ ಕೂತಿದ್ದಾರೆ. ಹೋಗಿ ನೋಡು, ಯಾರು ಅಂತ.”

ಇನ್ಸ್‌ಪೆಕ್ಟರು ಒಳಗೆ ಬಂದಾಗ ಡಿಗ್ರಿ ಹೋಗಿದ್ದ, ಊಟಕ್ಕಂತೆ. ಒಳ್ಳೆಯದೇ ಆಯಿತು. ಪೇದೆ ‘ಮೂಟೆ ಮಾತ್ರ’ದ ಪುಟ ಹಿಡಿದು ನಂಬರು ಓದುತ್ತ ಹೋದ, ಇವರು ‘ಬಕಲ್ ಮಾತ್ರ’ದ ಪುಟದಲ್ಲಿ ಹುಡುಕುತ್ತ ಹೋದರು. ಆರು ಇಲ್ಲ, ಹನ್ನೆರಡು ಇಲ್ಲ, ಹದಿನೆಂಟು ಇಲ್ಲ. ಇಪ್ಪತ್ತನಾಲ್ಕು ಇತ್ತು.

ಎಪ್ಪತ್ತೆರಡು ಇತ್ತು. ನೂರ ಇಪ್ಪತ್ತು ಇತ್ತು. ನೂರ ಅರವತ್ತೆಂಟು, ಇನ್ನೂರ ಹದಿನಾರು, ಇನ್ನೂರ ಅರವತ್ತನಾಲ್ಕು. ಪೇದೆಯ ದನಿ ಬರಬರುತ್ತ ತಗ್ಗಿತು. ಅವನಿಗೂ ಅಂದಾಜು ಹತ್ತಿತ್ತು. ಮುಂದಿನ ನಂಬರನ್ನು ಅವನು ಓದಲಿಲ್ಲ, ಬೆರಳಿಟ್ಟು ತೋರಿಸಿದ.

ಮುನ್ನೂರ ಹನ್ನೆರಡು.

ಮೂಟೆಯ ಪುಟದಲ್ಲಿ ಮೂಟೆಯಕ್ಕ ಒಬ್ಬಳೇ ನೋಡಿ ಪಾಸು ಮಾಡಿದ್ದಳು. ಬಕಲಿನ ಪುಟದಲ್ಲಿ ಬಕಲಣ್ಣ ಒಬ್ಬನೇ ನೋಡಿ ಪಾಸು ಮಾಡಿದ್ದ. ಒಂದು ಬೆಲ್ಟು ‘ಇವಳು ಮಾತ್ರ’ ನೋಡಿದ್ದೂ ಆಗಿ ‘ಅವನು ಮಾತ್ರ’ ನೋಡಿದ್ದೂ ಆಗಲು ಹೇಗೆ ಸಾಧ್ಯ? ಮೇಜಿನ ಮುಂದೆ ನಿಂತು ಬರೆದ ಪುಸ್ತಕದಲ್ಲಿ ಈ ತಪ್ಪು ಬರುವುದೇ ಇಲ್ಲ. ಕುರ್ಚಿಯಲ್ಲಿ ಕೂತು, ಮೊದಲು ಹತ್ತು ಎಂದು ತೀರ್ಮಾನಿಸಿ, ಆಮೇಲೆ ನಂಬರು ತುಂಬಿದವನಿಗೆ ಮಾತ್ರ ಬರುತ್ತದೆ. ತಗಡುಗಳು ನಿಜ ಹೇಳುತ್ತಿದ್ದವು. ಪರೀಕ್ಷೆ ನಡೆದಿತ್ತು, ನೂರಿಪ್ಪತ್ತು ಬೆಲ್ಟುಗಳಿಗೆ ಸರಿಯಾಗಿಯೇ ನಡೆದಿತ್ತು. ಈ ಪುಸ್ತಕ ಮಾತ್ರ ಆಮೇಲೆ ಹುಟ್ಟಿದ್ದು.

ಇನ್ನೊಂದು ಮಾತಿತ್ತು. ಅದು ಹೊಳೆದಾಗ ಇನ್ಸ್‌ಪೆಕ್ಟರಿಗೆ ಗೆದ್ದ ಖುಷಿಯೇನೂ ಆಗಲಿಲ್ಲ. ಮುನ್ನೂರ ಹನ್ನೆರಡನೆಯದು ಎರಡೂ ಪರೀಕ್ಷೆಯ ಜೋಡಿ ಬೆಲ್ಟಾದರೆ, ಅದು ಮೇಜಿಗೆ ಬಂದಾಗ ಅಲ್ಲಿ ಇಬ್ಬರಿದ್ದರು. ಬಕಲಣ್ಣ ಮೊನ್ನೆ ಕೊಟ್ಟ ಹೇಳಿಕೆಯಲ್ಲಿ ಹೇಳಿದ್ದು ಬೇರೆ. ತನ್ನ ಪಾಡಿಗೆ ತಾನು ಬಕಲ್ ನೋಡಿ ಕಳಿಸಿದೆ, ಹೊಲಿಗೆಯ ಸುದ್ದಿ ತನಗೆ ಗೊತ್ತೇ ಇಲ್ಲ ಎಂದಿದ್ದ.

ಗಂಟೆ ಮೂರೂಕಾಲು.

ಮೂಟೆಯಕ್ಕ ಬೆಳಿಗ್ಗೆಯಿಂದ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಊಟದ ಡಬ್ಬಿ. ಕೆಲಸದಿಂದ ನಿಲ್ಲಿಸಿ ಒಂಬತ್ತು ದಿನವಾಗಿದ್ದರೂ ಅವಳು ದಿನಾ ಅದೇ ಹೊತ್ತಿಗೆ ಡಬ್ಬಿ ಕಟ್ಟಿಕೊಂಡು ಮನೆ ಬಿಡುತ್ತಿದ್ದಳು. ಹಾಸಿಗೆ ಹಿಡಿದ ಅತ್ತೆಗೆ ವಿಷಯ ತಿಳಿಸಿರಲಿಲ್ಲ. ಇವತ್ತು ಸಂಜೆ ಮನೆಗೆ ಹೋಗದಿದ್ದರೆ ಏನು ಹೇಳಿಕಳಿಸುವುದು ಎಂದು ಮಾತ್ರ ಅವಳು ಪೇದೆಯನ್ನು ಕೇಳಿದ್ದಳು. ಇನ್ನುಳಿದಂತೆ ಬಾಯಿಗೆ ಬೀಗ. ಕೇಳಿದ ಪ್ರಶ್ನೆಗೆಲ್ಲ ಒಂದೇ ಉತ್ತರ: ಸಹಿ ನಂದೇ ಸಾರ್.

ಇನ್ಸ್‌ಪೆಕ್ಟರು ಅವಳನ್ನು ಪರೀಕ್ಷೆಯ ಶೆಡ್ಡಿಗೆ ಕರೆದುಕೊಂಡು ಹೋದರು. ಬಕಲಣ್ಣ ಅಲ್ಲೇ ಕೆಲಸದಲ್ಲಿದ್ದ. ಅಗಲ ಭುಜದ, ನರೆತ ಮೀಸೆಯ ಮನುಷ್ಯ. ಅವಳನ್ನು ಕಂಡವನು ಕೈಯಲ್ಲಿದ್ದ ಬಕಲಿನ ಕಡೆಗೆ ಕಣ್ಣಿಳಿಸಿದ. ಊಟ ಮುಗಿಸಿ ಬಂದ ಡಿಗ್ರಿ ಹಲ್ಲು ಕೆದಕುತ್ತ ಏನು ನಡೆಯುತ್ತಿದೆ ಎಂದು ಕೇಳಿದ. ಕೆಲಸ ಹೇಗೆ ನಡೆಯುತ್ತದೆ ನೋಡಬೇಕು, ಐದು ನಿಮಿಷ ಎಂದರು ಇನ್ಸ್‌ಪೆಕ್ಟರು.

ಇಪ್ಪತ್ತನಾಲ್ಕು ಬೆಲ್ಟುಗಳನ್ನು ಉದ್ದ ಮೇಜಿನ ಮೇಲೆ ಸಾಲಾಗಿ ಹಾಸಲಾಯಿತು. ಒಂದು ತುದಿಯಲ್ಲಿ ಕೊಕ್ಕೆ ಮತ್ತು ಮೂಟೆ, ಇನ್ನೊಂದು ತುದಿಯಲ್ಲಿ ಬಕಲಣ್ಣನ ಸ್ಟೂಲು. ಪೇದೆ ಒಂದೊಂದೇ ಬೆಲ್ಟನ್ನು ಮುಂದೆ ತಳ್ಳುತ್ತ ಎಣಿಸುವುದು, ಇವರಿಬ್ಬರೂ ದಿನದ ಹಾಗೆ ತಮ್ಮದನ್ನು ಎತ್ತಿಕೊಳ್ಳುವುದು.

ಆರನೆಯದನ್ನು ಮೂಟೆಯಕ್ಕ ತೆಗೆದಳು. ಕುಣಿಕೆಯನ್ನು ಎರಡು ಸಲ ಬಿಚ್ಚಿ ಕಟ್ಟಿದಳು. ಎಂಟನೆಯದನ್ನು ಬಕಲಣ್ಣ ತೆಗೆದ. ಹನ್ನೆರಡು ಅವಳದು, ಹದಿನಾರು ಅವನದು. ಹದಿನೆಂಟರ ಹೊತ್ತಿಗೆ ಅವಳ ಕೈ ಕೆಲಸದ ಗುರುತು ಹಿಡಿದಿತ್ತು, ಒಂಬತ್ತು ದಿನ ಕಾಣೆಯಾಗಿದ್ದವಳು ಮೈಗೆ ವಾಪಸು ಬಂದ ಹಾಗೆ ಮೂಟೆಯ ಕುಣಿಕೆಯನ್ನು ಒಂದೇ ಜಗ್ಗಿಗೆ ಬಿಗಿದಳು.

ಇಪ್ಪತ್ತನಾಲ್ಕನೆಯದು ಬಂತು. ಅವಳು ಅದನ್ನು ಕೊಕ್ಕೆಗೆ ಹಾಕಿ, ಮೂಟೆ ಬಿಟ್ಟು, ಇಳಿಸಿ, ತಲೆಯೆತ್ತದೆ ಎಡಕ್ಕೆ ಚಾಚಿದಳು. ಬಕಲಣ್ಣನ ಕೈ ಆಗಲೇ ಅಲ್ಲಿತ್ತು. ಅವನು ಸ್ಟೂಲಿನಿಂದ ಯಾವಾಗ ಎದ್ದು ಬಂದ ಎಂದು ಅವನಿಗೂ ಗೊತ್ತಿರಲಿಲ್ಲ.

ಬೆಲ್ಟಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಅವನ ಕೈಯಲ್ಲಿ. ಇಬ್ಬರೂ ಹಾಗೇ ನಿಂತರು.

“ಇದು ನಲವತ್ತೆಂಟಕ್ಕೊಂದು ಸಲ ಅಂತ ಹೇಳಿದ್ರಿ,” ಎಂದರು ಇನ್ಸ್‌ಪೆಕ್ಟರು ಡಿಗ್ರಿಯ ಕಡೆಗೆ ತಿರುಗದೆ.

ಡಿಗ್ರಿಯ ಬಾಯಲ್ಲಿದ್ದ ಕಡ್ಡಿ ಚಲಿಸುವುದು ನಿಂತಿತು. ಅವನ ತುಟಿಗಳು ಏನನ್ನೋ ಗುಣಿಸಿದವು, ಭಾಗಿಸಿದವು. ಆಮೇಲೆ ಅವನ ಮುಖ ಹುಳ್ಳಗಾಯಿತು. ಓದಿದವನಿಗೆ ತನ್ನ ತಪ್ಪು ಬೇಗ ಅರ್ಥವಾಗುತ್ತದೆ, ಅದರ ಮಟ್ಟಿಗೆ ಡಿಗ್ರಿ ಸುಳ್ಳಲ್ಲ.

ಇನ್ಸ್‌ಪೆಕ್ಟರು ಎರಡು ಪುಟಗಳನ್ನು ಅವನ ಮುಂದೆ ಹಿಡಿದು, ಎರಡರಲ್ಲೂ ಇದ್ದ ಮುನ್ನೂರ ಹನ್ನೆರಡರ ಮೇಲೆ ಬೆರಳಿಟ್ಟರು. ಹಳೆಯ ಪುಸ್ತಕ ಎಲ್ಲಿ ಎಂದು ಕೇಳಿದರು. ಎಣ್ಣೆ ಚೆಲ್ಲಿ ಹಾಳಾಯಿತು ಎಂದು ಅವನು ಮೊದಲು ಹೇಳಿದ. ಕಂಡಾಬಟ್ಟೆ ಹರಿದಿತ್ತು, ನೀಟಾಗಿ ನಕಲು ಮಾಡಿದೆ ಅಷ್ಟೆ ಎಂದು ಆಮೇಲೆ ಹೇಳಿದ. ನಕಲು ಮಾಡಿದ್ದರೆ ಹತ್ತು ಬೆಲ್ಟು ಎರಡೆರಡು ಕಡೆ ಬರುತ್ತಿರಲಿಲ್ಲ ಎಂದರು ಇನ್ಸ್‌ಪೆಕ್ಟರು. ಅವನು ಬೆನ್ನು ನೆಟ್ಟಗೆ ಮಾಡಿಕೊಂಡ.

“ಬರೆದದ್ದು ನಾನೇ ಅಂತಿಟ್ಕೊಳ್ಳಿ. ಸಹಿ ನಾನು ಹಾಕಿಲ್ಲ ಸಾರ್. ಅವಳನ್ನೇ ಕೇಳಿ.”

ಅದು ನಿಜವಾಗಿತ್ತು. ಸಹಿ ತಜ್ಞರ ವರದಿ ಮೊನ್ನೆಯೇ ಬಂದಿತ್ತು. ಇನ್ಸ್‌ಪೆಕ್ಟರು ಮೂಟೆಯಕ್ಕನ ಕಡೆಗೆ ತಿರುಗಿದರು. ಈ ಪ್ರಶ್ನೆಯನ್ನು ಕೇಳಬೇಕಾಗಿ ಬಾರದಿರಲಿ ಎಂದು ಅವರು ಇಷ್ಟು ಹೊತ್ತೂ ಆಸೆಪಟ್ಟಿದ್ದರು.

“ಏನಮ್ಮ, ಸುಳ್ಳು ಪುಸ್ತಕ ಅಂತ ಗೊತ್ತಿದ್ದೂ ಸಹಿ ಹಾಕಿದ್ಯಾ?”

ಅವಳು ಬೆಲ್ಟಿನ ತುದಿಯನ್ನು ಬಿಟ್ಟಳು.

“ಹಳೇ ಪುಸ್ತಕದಲ್ಲಿ ಆ ಬೆಲ್ಟು ಫೇಲು ಅಂತ ಬರೆದಿದ್ದೆ ಸಾರ್,” ಎಂದಳು. “ಫೇಲಾದದ್ದನ್ನ ಅಲ್ಲೇ ಕತ್ತರಿಸಬೇಕು, ಫೇಲು ಮಾಡಿದವರೇ. ಕತ್ತರಿಸಿದೆ ಅಂತಲೂ ಬರೆದಿದ್ದೆ.”

“ಮತ್ತೆ?”

“ಆ ಮನುಷ್ಯ ಬಿದ್ದ ಮಾರನೇ ದಿನ ಈ ಮೇಲ್ವಿಚಾರಕರು ಕರೆದರು. ನೀನು ಕತ್ತರಿಸಿದೆ ಅಂತ ಬರ್ಕೊಂಡ ಬೆಲ್ಟು ಆಸ್ಪತ್ರೇಲಿ ಹೆಣದ ಸೊಂಟದಲ್ಲಿದೆ, ಅದೇ ನಂಬರು. ಅಂದ್ರೆ ಕತ್ತರಿಸದೇನೆ ಬರೆದಿದ್ದೀಯ, ಅದು ಕೊಲೆ ಆಗುತ್ತೆ ಅಂದರು. ಪಾಸು ಅಂತ ಬರೆದ್ರೆ ಬರೀ ಕಣ್ತಪ್ಪು ಅಂತ ಬಿಡಿಸಬಹುದು ಅಂದರು.”

“ನೀನು ಕತ್ತರಿಸಿದ್ದೆಯೋ ಇಲ್ಲವೋ?”

ಇನ್ಸ್‌ಪೆಕ್ಟರು ಎಷ್ಟೋ ಜನ ಸುಳ್ಳು ಹೇಳುವುದನ್ನು ನೋಡಿದ್ದರು. ಅವರೆಲ್ಲರಿಗೂ ನಿಜ ಯಾವುದೆಂದು ಗೊತ್ತಿರುತ್ತಿತ್ತು. ಇವಳ ಮುಖದಲ್ಲಿ ಆ ನೆಮ್ಮದಿಯೂ ಇರಲಿಲ್ಲ.

“ಕತ್ತರಿಸಿದ್ದೆ ಅಂತಲೇ ಅನ್ಸುತ್ತೆ ಸಾರ್. ಆದ್ರೆ ಹನ್ನೊಂದು ವರ್ಷದಿಂದ ಎಷ್ಟು ಕತ್ತರಿಸಿದ್ದೀನೋ. ಯಾವುದು ನೆನಪು, ಯಾವುದು ಅಭ್ಯಾಸ ಅಂತ ಹೇಗೆ ಹೇಳ್ಲಿ? ಒಂಬತ್ತು ರಾತ್ರಿ ಅದನ್ನೇ ಕತ್ತರಿಸ್ತಾ ಇದ್ದೀನಿ. ಒಂದು ಸಲ ತುಂಡಾಗುತ್ತೆ, ಒಂದು ಸಲ ಆಗಲ್ಲ. ಅಷ್ಟು ಸಾಲಿಗೆ ಸಹಿ ಹಾಕಿದೆ, ಒಂದನ್ನೂ ಓದಲಿಲ್ಲ.”

ಇನ್ಸ್‌ಪೆಕ್ಟರು ಬಕಲಣ್ಣನನ್ನು ನೋಡಿದರು. ಅದು ಜೋಡಿ ಬೆಲ್ಟು, ನೀನು ಪಕ್ಕದಲ್ಲೇ ನಿಂತಿದ್ದೆ, ಏನು ನೋಡಿದೆ ಎಂದು ಕೇಳಿದರು. ಅವನು ಮೀಸೆ ಸವರಿಕೊಂಡ. ದಿನಾ ಎಷ್ಟೋ ಬೆಲ್ಟು ಬರುತ್ತವೆ, ತನಗೆ ನೆನಪಿಲ್ಲ ಎಂದ. ಮೂಟೆಯಕ್ಕ ಅವನನ್ನೇ ನೋಡುತ್ತಿದ್ದಳು.

“ಅಣ್ಣ,” ಎಂದಳು, “ನಿಂಗೂ ನೆನಪಿಲ್ವಾ?”

ಅವನು ಕೈಯಲ್ಲಿದ್ದ ಬೆಲ್ಟಿನ ಬಕಲನ್ನು ಹಾಕಿದ, ತೆಗೆದ.

ಇನ್ಸ್‌ಪೆಕ್ಟರಿಗೆ ಆಗ ಒಂದು ಮಾತು ತಟ್ಟಿತು, ತಟ್ಟಿದ್ದಕ್ಕೆ ನಾಚಿಕೆಯೂ ಆಯಿತು. ಒಂಬತ್ತು ದಿನದಲ್ಲಿ ಆ ಬೆಲ್ಟನ್ನು ವೈದ್ಯರು ನೋಡಿದ್ದರು, ಪ್ರಯೋಗಾಲಯದವರು ನೋಡಿ ‘ಹೊಲಿಗೆ ಬಿಟ್ಟಿದೆ’ ಎಂದು ಎರಡು ಪುಟ ಬರೆದಿದ್ದರು, ತಾವೂ ಇಪ್ಪತ್ತು ಸಲ ತಿರುಗಿಸಿ ನೋಡಿದ್ದರು. ಅದನ್ನು ನೋಡಿ ಏನಾದರೂ ಹೇಳಬಲ್ಲ ಒಬ್ಬಳಿಗೆ ಮಾತ್ರ ಯಾರೂ ತೋರಿಸಿರಲಿಲ್ಲ. ಆರೋಪಿಗೆ ಸಾಕ್ಷ್ಯ ಮುಟ್ಟಿಸಬಾರದಲ್ಲ.

ಪೇದೆ ಜೀಪಿನಿಂದ ಮೊಹರಿನ ಚೀಲ ತಂದ. ಬಿಚ್ಚುವ ಮೊದಲು ಸಮಯ ಬರೆದುಕೊಂಡ: ನಾಲ್ಕಕ್ಕೆ ಹತ್ತು ನಿಮಿಷ. ಬೆಲ್ಟು ಎರಡು ತುಂಡಾಗಿ ಮೇಜಿನ ಮೇಲೆ ಬಿತ್ತು. ಅಂಚಿಗೆ ಒಣಗಿದ ಹಳದಿ ಬಣ್ಣ, ಮೆತ್ತೆಯ ಮೇಲೆ ಬೇರೆ ಬಣ್ಣದ ಕಲೆ. ಮೂಟೆಯಕ್ಕ ಕಲೆಯಿಂದ ಕಣ್ಣು ತೆಗೆದು, ಸೀರೆಗೆ ಕೈ ಒರೆಸಿಕೊಂಡು, ತುಂಡಾದ ಜಾಗವನ್ನು ಬೆಳಕಿಗೆ ಹಿಡಿದಳು.

“ಇಲ್ಲಿ ಹೊಲಿಗೆ ಯಾಕಿದೆ?” ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಅವಳು ಮೇಜಿನ ಮೇಲಿದ್ದ ಇನ್ನೊಂದು ಬೆಲ್ಟನ್ನು ಎಳೆದುಕೊಂಡು, ಸೊಂಟದ ಮೆತ್ತೆಯನ್ನು ಪಕ್ಕಕ್ಕೆ ಸರಿಸಿ ತೋರಿಸಿದಳು. ಮೆತ್ತೆಯ ಕೆಳಗೆ ಪಟ್ಟಿ ಅಖಂಡವಾಗಿತ್ತು. ಅಲ್ಲಿ ಹೊಲಿಗೆಯೇ ಇರುವುದಿಲ್ಲ, ಇರುವುದೆಲ್ಲ ತುದಿಗಳಲ್ಲಿ. ಸತ್ತವನ ಬೆಲ್ಟಿನಲ್ಲಾದರೆ ಮೆತ್ತೆಯ ಕೆಳಗೆ, ನಟ್ಟನಡುವೆ, ಮೂರು ಬೆರಳಗಲ ಸೂಜಿಯ ತೂತುಗಳು. ಪಟ್ಟಿಯ ಎರಡು ಅಂಚನ್ನು ಒಂದರ ಮೇಲೊಂದಿಟ್ಟು ಯಾರೋ ಹೊಲಿದಿದ್ದರು. ಬಿಟ್ಟದ್ದು ಆ ಹೊಲಿಗೆ.

“ಅಂಚು ನೋಡಿ ಸಾರ್. ಎಳೆದು ಹರಿದ್ರೆ ನೂಲು ಎಳೆಎಳೆ ಆಗುತ್ತೆ. ಇದು ಕತ್ತರಿ.”

ಅಂಚು ಓರೆಯಾಗಿತ್ತು, ಮೇಲಿನ ಬಲದಿಂದ ಕೆಳಗಿನ ಎಡಕ್ಕೆ ಇಳಿದಿತ್ತು. ಅವಳು ಕೊಕ್ಕೆಯ ಪಕ್ಕದಲ್ಲಿ ತೂಗುಬಿಟ್ಟಿದ್ದ ದಪ್ಪ ಕತ್ತರಿಯನ್ನು ಎಡಗೈಯಲ್ಲಿ ತೆಗೆದುಕೊಂಡಳು. ಯಾರನ್ನೂ ಕೇಳದೆ ಆ ಹೊಸ ಬೆಲ್ಟನ್ನು ನಡುವೆ ಕತ್ತರಿಸಿದಳು. ಎರಡು ಅಂಚುಗಳನ್ನು ಪಕ್ಕಪಕ್ಕ ಇಟ್ಟಳು. ಓರೆ ಒಂದೇ, ಕೊನೆಯಲ್ಲಿ ಕತ್ತರಿ ಜಾರಿ ಬಿಟ್ಟ ಚಿಕ್ಕ ಕೊಕ್ಕೂ ಒಂದೇ. ಆ ಶೆಡ್ಡಿನಲ್ಲಿ ಎಡಗೈಯಲ್ಲಿ ಕತ್ತರಿಸುವವರು ಇನ್ನೊಬ್ಬರಿರಲಿಲ್ಲ.

“ಕತ್ತರಿಸಿದ್ದೆ,” ಎಂದಳು. ದನಿ ತೀರ ಸಣ್ಣಗಿತ್ತು. “ಕತ್ತರಿಸಿದ್ದೆ ಸಾರ್ ನಾನು.”

ಅವಳು ಅಳಲಿಲ್ಲ. ಒಂಬತ್ತು ದಿನದಿಂದ ಬಿಗಿಹಿಡಿದಿದ್ದ ಭುಜಗಳು ಒಂದು ಅಂಗುಲ ಕೆಳಗಿಳಿದವು. ಇನ್ಸ್‌ಪೆಕ್ಟರು ಜೇಬಿನ ಕಾಗದವನ್ನು ತೆಗೆದು, ಎರಡಾಗಿ ಹರಿದು, ಅದರ ಅಂಚನ್ನು ಒಂದು ಕ್ಷಣ ಸುಮ್ಮನೆ ನೋಡಿ ಮೇಜಿನ ಕೆಳಗೆ ಹಾಕಿದರು.

ಆಮೇಲೆ ಕೇಳಬೇಕಾದ್ದನ್ನು ಕೇಳಿದರು. ಫೇಲಾದ ಬೆಲ್ಟು ಕತ್ತರಿಸಿದ ಮೇಲೆ ತುಂಡುಗಳು ಎಲ್ಲಿಗೆ ಹೋಗುತ್ತವೆ?

ತನ್ನದೊಂದೇ ಪರೀಕ್ಷೆ ಇದ್ದರೆ ಕಸದ ಪೀಪಾಯಿಗೆ, ಎಂದು ಹೇಳುತ್ತ ಹೋದ ಮೂಟೆಯಕ್ಕ ನಡುವೆ ತಡೆದಳು. ಮುಂದಿನ ಮಾತು ಅವಳ ಬಾಯಿಗೆ ಬರುವ ಮೊದಲೇ ಮುಖಕ್ಕೆ ಬಂದಿತ್ತು. ಜೋಡಿ ಬೆಲ್ಟಾದರೆ ಬಕಲಿನವನು ಪಕ್ಕದಲ್ಲೇ ಇರುತ್ತಾನೆ. ಬಕಲು ಬಿಚ್ಚಿ ಉಳಿಸಿಕೊಳ್ಳಲೆಂದು ತುಂಡುಗಳನ್ನು ಅವನ ಕೈಗೇ ಕೊಡುವುದು. ತಲೆಯೆತ್ತದೆ, ಎಡಕ್ಕೆ ಚಾಚಿ.

ಎಲ್ಲರೂ ಬಕಲಣ್ಣನ ಕೈಗಳನ್ನು ನೋಡಿದರು. ಅವನೂ ನೋಡಿಕೊಂಡ. ಡಿಗ್ರಿ ಬಾಗಿಲ ಕಡೆಗೆ ಅರ್ಧ ಹೆಜ್ಜೆ ಇಟ್ಟ. ಪೇದೆ ಅಲ್ಲಿ ಮೊದಲೇ ನಿಂತಿದ್ದ, ತಗಡಿನಿಂದ ಕಪ್ಪಾದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತ.

“ಈ ಲಾಟಿನಲ್ಲಿ ಜೋಡಿ ಬೆಲ್ಟು ಎಷ್ಟು ಫೇಲಾಗಿದ್ವು?” ಎಂದು ಇನ್ಸ್‌ಪೆಕ್ಟರು ಅವಳನ್ನು ಕೇಳಿದರು.

“ಮೂರು ಸಾರ್.”

ಒಂದು ಈ ಮೇಜಿನ ಮೇಲಿತ್ತು. ಇನ್ನೆರಡು ಎಲ್ಲೋ, ಯಾವುದೋ ಗೋಡೆಯ ಹೊರಗೆ, ಮೆತ್ತೆಯ ಕೆಳಗೆ ಮೂರು ಬೆರಳಗಲ ಹೊಲಿಗೆ ಇಟ್ಟುಕೊಂಡು ಯಾರದೋ ಸೊಂಟದಲ್ಲಿದ್ದವು. ಬಿಸಿಲು ಇನ್ನೂ ಇತ್ತು. ಪೇಂಟರುಗಳು ಕೆಳಗಿಳಿಯುವ ಹೊತ್ತಾಗಿರಲಿಲ್ಲ. ಇನ್ಸ್‌ಪೆಕ್ಟರು ಆ ಎರಡರ ನಂಬರು ಹೇಳು ಎಂದು ಮೂಟೆಯಕ್ಕನನ್ನು ಕೇಳಿ, ಪೇದೆಗೆ ಬರೆದುಕೊಳ್ಳಲು ಸನ್ನೆ ಮಾಡಿದರು. ಅವಳು ಬಾಯಿ ತೆರೆದಳು.

“ಎರಡು ಅಂತ ಬರ್ಕೋಬೇಡಿ,” ಎಂದ ಬಕಲಣ್ಣ.

ಅವನು ಹೋಗಿ ತನ್ನ ಸ್ಟೂಲಿನ ಮೇಲೆ ಕೂತ. ಬಹಳ ದಿನದ ಭಾರ ಇಳಿಸುವವನ ಹಾಗೆ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡ. ನೋಡಿದ್ದು ಇನ್ಸ್‌ಪೆಕ್ಟರನ್ನಲ್ಲ, ಡಿಗ್ರಿಯನ್ನೂ ಅಲ್ಲ, ಅವಳನ್ನು.

“ನೀನು ಕತ್ತರಿಸಿದ್ದನ್ನ ನಾನು ಹೊಲಿಯೋಕೆ ಶುರು ಮಾಡಿ ನಾಲ್ಕು ವರ್ಷ ಆಯ್ತು ಕಣಮ್ಮ. ತಿಂಗಳಿಗೆ ಎರಡು ಲಾಟು. ನೀನೇ ಲೆಕ್ಕ ಹಾಕು.”